ಎರಡು ಆಂಪ್, ಒಂದೇ ಜೋಡಿ ಸ್ಪೀಕರ್, ಮತ್ತೆ ಆ ಗುಂಯ್ ಸದ್ದು

ನಮಸ್ಕಾರ ಎಲ್ರಿಗೂ. ಟಿವಿ ಸ್ಟ್ಯಾಂಡ್ ಈಚೆಗೆ ಎಳೆದಾಯ್ತು, ಹಿಂದಿರೋ ವೈರುಗಳೆಲ್ಲ ಕಾಣ್ತಿವೆ ನೋಡಿ. ಇವತ್ತಿನ ಕೆಲಸ ಇಷ್ಟೇ. ಹಾಡು ಕೇಳೋಕಿರೋ ಸ್ಟೀರಿಯೋ ಆಂಪ್ಲಿಫೈಯರು, ಸಿನಿಮಾಕ್ಕಿರೋ ಎವಿ ರಿಸೀವರು (ಸುತ್ತಲಿನ ಐದೂ ಸ್ಪೀಕರ್ ನುಡಿಸೋ ಆಂಪು), ಎರಡೂ ಈ ಒಂದೇ ಜೋಡಿ ಟವರ್ ಸ್ಪೀಕರ್‌ನಲ್ಲಿ ನುಡೀಬೇಕು. ಇನ್ನೊಂದು ಜೋಡಿ ಟವರ್ ನಿಲ್ಲಿಸೋಕೆ ನಮ್ಮ ಹಾಲ್‌ನಲ್ಲಿ ಜಾಗ ಇಲ್ಲ, ಇದ್ದಿದ್ರೂ ನಿಲ್ಲಿಸ್ತಿರಲಿಲ್ಲ.

ಎರಡೂ ಆಂಪ್‌ನ ವೈರು ತಂದು ಒಂದೇ ಸ್ಪೀಕರ್‌ಗೆ ಕೊಟ್ಬಿಟ್ರೆ ಸಾಲ್ದಾ ಅಂತ ತುಂಬಾ ಜನ ಕೇಳ್ತೀರಿ. ದಯವಿಟ್ಟು ಬೇಡ. ಒಂದರ ಔಟ್‌ಪುಟ್ ಇನ್ನೊಂದರ ಔಟ್‌ಪುಟ್‌ಗೆ ನುಗ್ಗುತ್ತೆ, ಒಳಗಡೆ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಸರಿಯಾದ ದಾರಿ ಈಗ ಕಾಣ್ತಿರೋದು: ರಿಸೀವರ್ ಹಿಂದೆ ಫ್ರಂಟ್ ಪ್ರೀ-ಔಟ್ (ಮುಂದಿನ ಎರಡು ಸ್ಪೀಕರ್‌ನ ಸಿಗ್ನಲ್, ಇನ್ನೂ ಜೋರು ಮಾಡದೇ ಹೊರಗೆ ಕೊಡೋ ಜಾಗ), ಅಲ್ಲಿಂದ ಆರ್‌ಸಿಎ ಕೇಬಲ್, ಅದು ಸ್ಟೀರಿಯೋ ಆಂಪ್‌ನ ಎಚ್‌ಟಿ ಬೈಪಾಸ್, ಅಂದ್ರೆ ಹೋಮ್ ಥಿಯೇಟರ್ ಬೈಪಾಸ್ ಇನ್‌ಪುಟ್‌ಗೆ. ಸ್ಪೀಕರ್ ವೈರು ಸ್ಟೀರಿಯೋ ಆಂಪ್‌ನಲ್ಲೇ ಇರುತ್ತೆ. ಸಿನಿಮಾ ಹಾಕಿದಾಗ ಎರಡೂ ಆನ್, ವಾಲ್ಯೂಮ್ ರಿಸೀವರ್ ಕೈಯಲ್ಲಿ. ಹಾಡಿಗೆ ರಿಸೀವರ್ ಆಫ್, ಅಷ್ಟೇ. ಒಂದು ಎಚ್ಚರ, ಬೈಪಾಸ್‌ಗೆ ಆಂಪ್‌ನ ವಾಲ್ಯೂಮ್ ಗುಂಡಿ ಲೆಕ್ಕಕ್ಕೇ ಇಲ್ಲ. ಮೊಬೈಲೋ ಸಿಡಿ ಪ್ಲೇಯರೋ ಅದಕ್ಕೆ ಚುಚ್ಚಿದ್ರೆ ಪೂರ್ತಿ ಜೋರಲ್ಲಿ ಬರುತ್ತೆ, ಸ್ಪೀಕರ್‌ನಲ್ಲಿ ಕೀಚು ದನಿ ನುಡಿಸೋ ಟ್ವೀಟರ್ ಕಥೆ ಮುಗೀತು.

ನಿಮ್ಮ ಆಂಪ್‌ನಲ್ಲಿ ಬೈಪಾಸ್ ಇಲ್ವಾ? ಆಕ್ಸ್ ಅನ್ನೋ ಮಾಮೂಲಿ ಇನ್‌ಪುಟ್‌ಗೆ ಕೊಡಿ, ವಾಲ್ಯೂಮ್ ಗುಂಡಿನ ಒಂದು ಗುರುತಿಗೆ ಇಟ್ಟು ಸಣ್ಣ ಸ್ಟಿಕ್ಕರ್ ಅಂಟಿಸಿ, ಸಿನಿಮಾ ನೋಡೋವಾಗೆಲ್ಲ ಅಲ್ಲಿಗೇ ತಿರುಗಿಸಿ.

ಈಗ ಬಂತು ನೋಡಿ ತಲೆನೋವು. ಆನ್ ಮಾಡಿದ ತಕ್ಷಣ ಗುಂಯ್... ಕ್ಯಾಮೆರಾ ಮೈಕ್‌ಗೂ ಕೇಳ್ತಿದೆ. ಸ್ಪೀಕರ್‌ಗೆ ಕಿವಿ ಇಡೋದೇ ಬೇಡ, ಸೋಫಾದಲ್ಲಿ ಕೂತ್ರೂ ಕೇಳುತ್ತೆ. ನಮ್ಮ ಕರೆಂಟು 50 ಹರ್ಟ್ಸ್, ಈ ಸದ್ದು ಅದರದ್ದೇ ಸಂತಾನ. ಸಿನಿಮಾದ ಗಲಾಟೇಲಿ ಮುಚ್ಚಿಹೋಗುತ್ತೆ. ಆದ್ರೆ ತಂಬೂರಿ ಶುರುವಾಗೋವಾಗ ಕೆಳಗಡೆ ಈ ಬೇಸುರು ಹಿಡ್ಕೊಂಡು ಕೂತಿದ್ರೆ ಸಂಗೀತ ಕೇಳೋದಾದ್ರೂ ಹೇಗೆ? ನಂಗಂತೂ ಸಹಿಸೋಕೆ ಆಗಲ್ಲ.

ಒಂದು ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ಎರಡು ಉಪಾಯ ಹೇಳಿದ್ರು. ಒಂದು, ಕರೆಂಟು ಶುದ್ಧ ಮಾಡುತ್ತೆ ಅನ್ನೋ ಇಪ್ಪತ್ತೈದು ಸಾವಿರದ ಪವರ್ ಕಂಡಿಷನರ್ ತಗೊಳ್ಳಿ. ಇನ್ನೊಂದು, ಆಂಪ್ ಪ್ಲಗ್‌ನ ಮೂರನೇ ಪಿನ್, ಅರ್ಥಿಂಗ್ ಪಿನ್, ಕಿತ್ತು ಹಾಕಿ! ಹೀಗೆ ಹೇಳೋಕೆ ಬಾಯಾದ್ರೂ ಹೇಗೆ ಬರುತ್ತೆ? ಲೋಹದ ಡಬ್ಬಿ, ಒಳಗೆ 230 ವೋಲ್ಟ್. ಒಳಗಡೆ ವೈರು ಆ ಡಬ್ಬಿಗೆ ತಾಗಿದ್ರೆ ಜೀವ ಉಳಿಸೋದು ಆ ಪಿನ್ನೇ. ಮನೇಲಿ ಮಕ್ಕಳಿರ್ತಾರೆ. ಯಾರು ಹೇಳಿದ್ರೂ ಕೇಳಬೇಡಿ.

ಹುಡುಕೋ ರೀತಿ ಸುಲಭ. ಒಂದೊಂದೇ ಕೇಬಲ್ ಬಿಚ್ಚುತ್ತಾ ಹೋಗಿ. ನೋಡಿ, ರಿಸೀವರ್‌ನ ಎಚ್‌ಡಿಎಂಐ ಕೇಬಲ್ ತೆಗೆದೆ... ನಿಂತಿತು. ವಾಪಸ್ ಹಾಕಿದೆ, ಬಂತು. ಈಗ ಸೆಟ್‌ಟಾಪ್ ಬಾಕ್ಸ್‌ನ ಡಿಶ್ ಕೇಬಲ್ ತಿರುಗಿಸಿ ತೆಗೀತೀನಿ... ನಿಂತೇಬಿಡ್ತು! ತಾರಸಿ ಮೇಲಿನ ಡಿಶ್ ಒಂದು ಕಡೆ ನೆಲಕ್ಕೆ ಸೇರಿದೆ, ಆಂಪ್‌ನ ಅರ್ಥಿಂಗ್ ಇನ್ನೊಂದು ಕಡೆ. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ, ಅದರಿಂದ ಹರಿಯೋ ಕರೆಂಟು ನಮ್ಮ ಆರ್‌ಸಿಎ ಕೇಬಲ್‌ನ ಹೊರಕವಚದಲ್ಲಿ ಓಡಾಡ್ತಿದೆ. ಗ್ರೌಂಡ್ ಲೂಪ್ ಅಂದ್ರೆ ಇದೇ. ಡಿಶ್ ಕೇಬಲ್‌ಗೇ ಐಸೊಲೇಟರ್ (ಸಿಗ್ನಲ್ ಬಿಟ್ಟು ನೆಲದ ಸಂಪರ್ಕ ಕಡಿಯೋ ಡಬ್ಬಿ) ಹಾಕೋಣ ಅಂದ್ರೆ, ಮೇಲೆ ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿಗೆ 13, 18 ವೋಲ್ಟ್ ಹೋಗೋದು ಅದರಲ್ಲೇ. ಸಾಮಾನ್ಯ ಐಸೊಲೇಟರ್ ಅದನ್ನೂ ತಡೆದ್ರೆ ಚಾನೆಲ್ಲೇ ಬರಲ್ಲ.

ಅದಕ್ಕೆ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದಿದ್ದು ಆರ್‌ಸಿಎ ಕೇಬಲ್‌ಗೆ ಹಾಕೋ ಈ ಪುಟ್ಟ ಐಸೊಲೇಟರ್ ಡಬ್ಬಿ, ಐನೂರು ರೂಪಾಯಿ ಒಳಗೇ. ಒಳಗಡೆ ಎರಡು ಟ್ರಾನ್ಸ್‌ಫಾರ್ಮರ್. ಪ್ರೀ-ಔಟ್‌ಗೂ ಬೈಪಾಸ್‌ಗೂ ನಡುವೆ ಸೇರಿಸಿದೆ, ಗುಂಯ್ ಹೋಯ್ತು. ಅಗ್ಗದ ಟ್ರಾನ್ಸ್‌ಫಾರ್ಮರ್ ತೀರಾ ಕೆಳಗಿನ ಬೇಸ್ ತಿನ್ನುತ್ತೆ, ನಿಜ. ಆದ್ರೆ ಸಿನಿಮಾಕ್ಕೆ ನಾನು ರಿಸೀವರ್ ಸೆಟ್ಟಿಂಗ್‌ನಲ್ಲಿ ಫ್ರಂಟ್ ಸ್ಪೀಕರ್‌ನ ಸ್ಮಾಲ್ ಅಂತ ಇಟ್ಟು ಕ್ರಾಸ್‌ಓವರ್ (ಬೇಸ್ ಬೇರೆ ಆಗೋ ಗಡಿ) 80 ಹರ್ಟ್ಸ್‌ಗೆ ಕೊಟ್ಟಿದ್ದೀನಿ. ಅದಕ್ಕಿಂತ ಕೆಳಗಿನದ್ದೆಲ್ಲ ಬೇಸ್‌ಗಂತಲೇ ಇರೋ ಸಬ್‌ವೂಫರ್ ಪಾಲು. ಹಾಡು ಈ ಡಬ್ಬಿಯೊಳಗೆ ಹಾಯೋದೇ ಇಲ್ಲ, ನೇರ ಆಂಪ್‌ಗೆ ಹೋಗುತ್ತೆ. ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ನೋಡಿ ತುಂಬಾ ಖುಷಿಯಾಯ್ತು.

ಸಂಗೀತಕ್ಕೆ ಎವಿ ರಿಸೀವರ್ ಆಗಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಐದೂ ಸ್ಪೀಕರ್‌ನಲ್ಲಿ ಹಾಡು ಹಾಕೋ ಆ ಮೋಡ್ ಅಂತೂ ಬೇಡವೇ ಬೇಡ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಹಳೇ 78 ಆರ್‌ಪಿಎಂ ರೆಕಾರ್ಡಿಂಗ್ ಇದೆ ನೋಡಿ, ಒಂದು ಬದಿಗೆ ಮೂರು ನಿಮಿಷದ ಆಸುಪಾಸು, ಅಷ್ಟರಲ್ಲೇ ರಾಗ ಪೂರ್ತಿ ಕಣ್ಮುಂದೆ ನಿಲ್ಲುತ್ತೆ. ಅದು ಮೋನೋ. ಸ್ಪೀಕರ್ ಎರಡೂ ನೀವೂ ಸಮಬಾಹು ತ್ರಿಕೋನದಲ್ಲಿದ್ರೆ ದನಿ ಸರಿಯಾಗಿ ನಡುವಲ್ಲಿ, ಟಿವಿ ಇರೋ ಜಾಗದಲ್ಲೇ ನಿಲ್ಲಬೇಕು. ಒಂದು ಕಡೆ ವಾಲಿದ್ರೆ ಸ್ಪೀಕರ್ ಸರಿಸಿ. ಅವರ ದನಿಯಲ್ಲಿರೋ ಆ... ಇರಿ, ಶಾಟ್ ಮುಗೀತಿದೆ.

ರಿಸೀವರ್ ವಿಷಯ ಪೂರ್ತಿ ಹಾಗೆ ಹೇಳಬಾರದು ಅನ್ಸುತ್ತೆ ಈಗ. ಬರಿಗೋಡೆ, ಟೈಲ್ಸ್ ನೆಲ ಇರೋ ನಮ್ಮಂಥ ಹಾಲ್‌ನಲ್ಲಿ ಅದರ ರೂಮ್ ಕರೆಕ್ಷನ್ (ಮೈಕ್‌ನಿಂದ ಅಳೆದು ಕೋಣೆಗೆ ತಕ್ಕಂತೆ ಸದ್ದು ತಿದ್ದೋದು) ಹಾಡಿನ ಬೇಸ್‌ಗೂ ಒಳ್ಳೇದು ಮಾಡುತ್ತೆ. ರಿಸೀವರ್ ಒಂದೇ ಇರೋರು ಕೊರಗೋದು ಬೇಡ.

ಕೊನೇದಾಗಿ ಮೈಕ್ ಇಟ್ಟು ರಿಸೀವರ್‌ನ ಕ್ಯಾಲಿಬ್ರೇಷನ್ (ಪ್ರತಿ ಸ್ಪೀಕರ್‌ನ ಜೋರು ಸರಿಹೊಂದಿಸೋದು) ಮತ್ತೆ ಮಾಡಲೇಬೇಕು, ಸ್ಟೀರಿಯೋ ಆಂಪ್ ಬೈಪಾಸ್‌ನಲ್ಲಿ ಆನ್ ಇರಲಿ. ಅದರ ಗೇನ್, ಅಂದ್ರೆ ಸಿಗ್ನಲ್ ಎಷ್ಟು ಹಿಗ್ಗಿಸುತ್ತೆ ಅನ್ನೋದು, ಬೇರೆ; ಹಳೇ ಲೆವೆಲ್ ಉಳಿದ್ರೆ ನಡುವಿನ ಸೆಂಟರ್ ಸ್ಪೀಕರ್‌ನಿಂದ ಬರೋ ಮಾತು ಕೇಳದೇ ಹೋಗಬಹುದು, ಬರೀ ಹಿನ್ನೆಲೆ ಸಂಗೀತ ಜೋರು. ಸೆಂಟರ್ ಸ್ಪೀಕರ್ ಟವರ್‌ನ ಸರಣಿಯದ್ದೇ ತಗೊಳ್ಬೇಕಾ ಅಂತ ಕೇಳಿದ್ದೀರಲ್ಲ, ಹೌದು, ಅದನ್ನೇ ತಗೊಳ್ಳಿ.