ಮುಂದಿನ ಕೋಣೆ ಯಾರದು?

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಈ ಹೊತ್ತಿನಲ್ಲಿ ರೇಡಿಯೋ ಹಚ್ಚಿಕೊಂಡು ಕೂತವರು ಬಹುಮಟ್ಟಿಗೆ ಮನೆಯಲ್ಲೇ ಇರುವವರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ತಾಯಂದಿರು, ಮಂಚದ ಮೇಲೆ ಒರಗಿರುವ ಹಿರಿಯರು, ಚಿಕ್ಕ ಮಗುವನ್ನು ಮಲಗಿಸುತ್ತಿರುವವರು. ನಾನು ಇವತ್ತು ಮಾತಾಡುವುದು ನಿಮ್ಮ ಜೊತೆಗೇ. ಮನೆಯ ಯಜಮಾನರು ಕೆಲಸಕ್ಕೆ ಹೋಗಿದ್ದರೆ ಸಂಜೆ ಬಂದ ಮೇಲೆ ಅವರಿಗೂ ಹೇಳಿ.

ವಿಷಯ ಮನೆಯ ಕೆಳಗಿನ ಅಂತಸ್ತಿನದು. ಇರುವ ಕೋಣೆಗಳನ್ನೇ ಹೇಗೆ ಚೆನ್ನಾಗಿ ಬಳಸಿಕೊಳ್ಳಬೇಕು ಎಂಬುದು. ಹೇಳುವ ಮಾತು ಒಂದೇ. ಮನೆಯ ಎಲ್ಲಕ್ಕಿಂತ ಒಳ್ಳೆಯ ಕೋಣೆ, ಅಂದರೆ ಗಾಳಿ ಬೆಳಕು ಹೆಚ್ಚಿರುವ ಕೋಣೆ, ದಿನವಿಡೀ ಮನೆಯಲ್ಲಿ ಇರುವವರಿಗೆ ಸಿಗಬೇಕು.

ಈಗ ಏನಾಗಿದೆ ನೋಡಿ. ಒಳ್ಳೆಯ ಕೋಣೆ ಯಾವುದು? ಮುಂದಿನ ಹಾಲ್. ಎರಡು ಕಿಟಕಿ ಇರುವುದು ಅಲ್ಲಿ, ದೊಡ್ಡ ಫ್ಯಾನ್ ಇರುವುದು ಅಲ್ಲಿ. ಅಲ್ಲಿ ಇರುವವರು ಯಾರು? ಯಾರೂ ಇಲ್ಲ. ಸೋಫಾ ಇದೆ, ಅದರ ಮೇಲೊಂದು ಚಾದರ ಇದೆ, ಶೋಕೇಸ್ ಇದೆ. ಯಾವಾಗಲೋ ಬರುವ ಬೀಗರಿಗಾಗಿ ಆ ಕೋಣೆ ಕಾಯುತ್ತಿರುತ್ತದೆ. ಮನೆಯ ಮಂದಿ ಮಾತ್ರ ಕಿಟಕಿಯೇ ಇಲ್ಲದ ನಡುಮನೆಯಲ್ಲಿ ಹಗಲು ಹೊತ್ತೇ ಲೈಟ್ ಹಾಕಿಕೊಂಡು ಕೂತಿರುತ್ತಾರೆ. ಇದನ್ನು ನಾನು ಕಲಬುರಗಿಯಲ್ಲಿ ನೋಡಿದ್ದೇನೆ, ಬೀದರದಲ್ಲಿ ನೋಡಿದ್ದೇನೆ, ಯಾದಗಿರಿಯಲ್ಲಿ ನೋಡಿದ್ದೇನೆ. ನನಗೆ ಸಂಕಟವಾಗುತ್ತದೆ.

ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೇನೂ ಹೊಸದಲ್ಲ. ಮೇಲಂತಸ್ತಿನ ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಹಿಂದಿನವರು ದಪ್ಪಗೆ ಮಣ್ಣು ಹಾಕಿ ಮಾಳಿಗೆ, ಅಂದರೆ ಮನೆಯ ಛಾವಣಿ, ಮಾಡುತ್ತಿದ್ದರು, ಕಾವು ಅಷ್ಟಾಗಿ ಕೆಳಗೆ ಇಳಿಯುತ್ತಿರಲಿಲ್ಲ. ಈಗ ಆ ಮಣ್ಣಿನ ಮಾಳಿಗೆ ಇಲ್ಲ. ಹಾಗಾಗಿ ಎರಡಂತಸ್ತಿನ ಮನೆಯಲ್ಲಿ ತಂಪಿರುವ ಜಾಗ ಒಂದೇ, ಕೆಳಗಿನ ಅಂತಸ್ತು. ಆ ತಂಪನ್ನು ಮೋಟಾರ್ ಸೈಕಲ್‌ಗೆ, ಹಳೆ ಟ್ರಂಕಿಗೆ, ಬಾರದ ಅತಿಥಿಗೆ ಕೊಟ್ಟು ನಾವು ಮೇಲೆ ಹೋಗಿ ಬೇಯುತ್ತೇವೆ. ಯಾಕ್ರಿ ಹೀಗೆ?

ಸೇಡಂ ರಸ್ತೆಯ ಕಡೆ ಒಂದು ಬಡಾವಣೆಯ ಮನೆಯ ಸಂಗತಿ ಹೇಳುತ್ತೇನೆ. 30–40ರ ಸೈಟು. ಆ ಮನೆಯ ಮಗ ಶಾಲಾ ಮಾಸ್ತರರು. ನನಗೆ ಫೋನ್ ಮಾಡಿ, "ಸರ, ಹಾಲ್ ಮತ್ತ ನಡುಮನಿ ಮಧ್ಯದ ಗ್ವಾಡಿ ತೆಗೀಬೇಕಂತ ಮಾಡೀವಿ. ಜಾಗಾ ಸಾಲ್ವಲ್ದು. ಗೌಂಡಿಗಿ ಹೇಳೀನಿ, ನೀವು ಒಮ್ಮಿ ಬಂದು ನೋಡ್ರಿ" ಅಂದರು.

ನಾನು ಬೆಳಗಿನ 11ರ ಹೊತ್ತಿಗೆ ಹೋದೆ. ಬೇಕೆಂದೇ ಆ ಹೊತ್ತಿಗೆ ಹೋದೆ. ಆಗ ಮನೆ ತನ್ನ ನಿಜವಾದ ಕೆಲಸದಲ್ಲಿರುತ್ತದೆ. ಹಾಲಿನ ಬಾಗಿಲು ಹಾಕಿತ್ತು, ಧೂಳು ಬೀಳುತ್ತದೆ ಅಂತ. ನಡುಮನೆಯಲ್ಲಿ ತಾಯಿಯವರು ಮಂಚದ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದವರು, ಮೊಣಕಾಲು ನೋವು, ಹೊರಗೆ ಓಡಾಟ ಕಡಿಮೆ. ಆ ಕೋಣೆಗೆ ಒಂದೂ ಕಿಟಕಿ ಇಲ್ಲ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಸೊಸೆ ಹಿತ್ತಲ ಬಾಗಿಲ ಹತ್ತಿರ ನೆಲದ ಮೇಲೆ ಕೂತು ಪುಂಡಿ ಪಲ್ಯ ಸೋಸುತ್ತಿದ್ದರು, ಬೆಳಕು ಅಲ್ಲಿ ಮಾತ್ರ ಬರುತ್ತದೆ ಅಂತ. ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗ ಜಿನಾದ ಮೆಟ್ಟಿಲ ಮೇಲೆ ಪುಸ್ತಕ ಹರಡಿಕೊಂಡಿದ್ದ.

ಒಂದು ಸೀಮೆಸುಣ್ಣ ಕೊಡ್ರಿ ಅಂದೆ. ಮಾಸ್ತರರ ಮನೆ, ಸೀಮೆಸುಣ್ಣಕ್ಕೆ ಬರವೇ? ನೆಲ ನಮ್ಮ ಶಹಾಬಾದ್ ಫರಸಿಯದು, ಬೂದು ಬಣ್ಣದ ಕಲ್ಲಿನ ಮೇಲೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಹಗಲು ಹೊತ್ತು ಯಾರು ಎಲ್ಲಿ ಕೂರುತ್ತೀರಿ, ಅಲ್ಲೊಂದು ಗುಂಡು ಹಾಕಿ ಅಂದೆ. ತಾಯಿಯವರ ಗುಂಡು ನಡುಮನೆಯಲ್ಲಿ. ಸೊಸೆಯದು ಹಿತ್ತಲ ಬಾಗಿಲಲ್ಲಿ. ಹುಡುಗನದು ಮೆಟ್ಟಿಲ ಮೇಲೆ. ಮಾಸ್ತರರು ಸಂಜೆ ಬಂದು ಕೂರುವುದೂ ಹೊರಗಿನ ಕಟ್ಟೆಯ ಮೇಲೆ. ಆಮೇಲೆ ಹಾಲಿನ ಬಾಗಿಲು ತೆಗೆಸಿದೆ. 12 ಅಡಿ ಅಗಲ, 16 ಅಡಿ ಉದ್ದ. ಉತ್ತರಕ್ಕೊಂದು ಕಿಟಕಿ, ಪೂರ್ವಕ್ಕೊಂದು ಕಿಟಕಿ. ಒಂದೂ ಗುಂಡಿಲ್ಲ!

ಮಾಸ್ತರರು ಸುಮ್ಮನೆ ನಿಂತರು. ತಾಯಿಯವರೇ ಮಾತಾಡಿದರು. "ಅಲ್ಲಿ ಗಾಳಿ ಛಲೋ ಬರ್ತದ. ಆದ್ರ ಬಂದೋರಿಗಿ ಬೇಕಲ್ಲಪಾ." ಕಡೆಯ ಸಲ ಯಾರು ಬಂದಿದ್ದರು ತಾಯಿ ಅಂತ ಕೇಳಿದೆ. ಶರಣಬಸವೇಶ್ವರ ಜಾತ್ರೆಗೆ ಬಂದಿದ್ದರಂತೆ. ನಾನು ಹೋದದ್ದು ದೀಪಾವಳಿ ಕಳೆದ ಮೇಲೆ.

ಇನ್ನು ಆ ಗೋಡೆ. 9 ಇಂಚಿನ ಗೋಡೆ, ಅದರ ನೇರ ಮೇಲೆ ಮೇಲಂತಸ್ತಿನ ಗೋಡೆ ಕೂತಿದೆ. ಎರಡೂ ಬದಿಯ ಸ್ಲ್ಯಾಬ್ ಭಾರ ಅದರ ಮೇಲೆ. ಅದನ್ನು ತೆಗೆದರೆ ಮೇಲಿನದು ಕೆಳಗೆ. ತೆಗೆಯಲೇಬೇಕೆಂದರೆ ಉಕ್ಕಿನ ಬೀಮ್ ಕೊಡಬೇಕು, ಬೀಮಿಗೆ ಕಂಬ ಕೊಡಬೇಕು, ಕಂಬಕ್ಕೆ ಬುನಾದಿ ಕೊಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ತಾಯಿಯವರ ಮಂಚ ಅಲ್ಲೇ ಇರುತ್ತದೆ, ಸೋಫಾ ಅಲ್ಲೇ ಇರುತ್ತದೆ. ಗೌಂಡಿಯನ್ನು ಮರಳಿ ಕಳಿಸಿ ಅಂದೆ.

ಮಾಡಿದ್ದಿಷ್ಟು. ತಾಯಿಯವರ ಮಂಚ ಹಾಲಿನ ಉತ್ತರದ ಕಿಟಕಿಗೆ ಬಂತು. ಉತ್ತರದಿಂದ ಬೆಳಕು ಬರುತ್ತದೆ, ನೆತ್ತಿ ಸುಡುವ ಬಿಸಿಲು ಬರುವುದಿಲ್ಲ. ಹುಡುಗನ ಮೇಜು ಪೂರ್ವದ ಕಿಟಕಿಗೆ. ಸೋಫಾದಲ್ಲಿ ಒಂದು ತುಂಡು ಉಳಿಸಿ, ನಾಲ್ಕು ಕುರ್ಚಿ ಬಾಗಿಲ ಹತ್ತಿರ, ನಡುವೆ ಅಡ್ಡ ಒಂದು ಪರದೆ. ಕತ್ತಲೆ ನಡುಮನೆಗೆ ಬೆಳಕು ಬೇಡದ ಸಾಮಾನೆಲ್ಲ ಹೋಯಿತು. ಅಲಮಾರಿ, ಟ್ರಂಕು, ಕೌದಿ, ಜೋಳ ತೊಗರಿಯ ಚೀಲ. ರಾತ್ರಿ ತಾಯಿಯವರು ಬಚ್ಚಲಿಗೆ ಹೋಗುವ ದಾರಿ ಆ ಕೋಣೆಯ ಮೂಲಕವೇ, ಆದ್ದರಿಂದ ಸಾಮಾನೆಲ್ಲ ಒಂದೇ ಗೋಡೆಗೆ ಹಚ್ಚಿಸಿ 3 ಅಡಿ ದಾರಿ ಖುಲ್ಲಾ ಬಿಡಿಸಿದೆ, ಗೋಡೆಗೆ ಹಿಡಿಕೆ ಹಾಕಿಸಿದೆ, ಒಂದು ಸಣ್ಣ ರಾತ್ರಿ ದೀಪ. ಒಂದು ಇಟ್ಟಿಗೆಯನ್ನೂ ಒಡೆಯಲಿಲ್ಲ. ಓಣಿಯ ಹುಡುಗರು ಬಂದು ಮಂಚ ಎತ್ತಿಟ್ಟರು, ಚಹಾ ಕುಡಿದು ಹೋದರು.

ಬೀಗರು ಬಂದರೆ ಹ್ಯಾಂಗ ಅಂತ ಮಾಸ್ತರರಿಗೆ ಇನ್ನೂ ಚಿಂತೆ. ಸೊಸೆ ಅಂದರು, "ಬಂದೋರು ಅತ್ತೀನ್ನ ಮಾತಾಡ್ಸ್ಲಕ್ಕೇ ಬರ್ತಾರ್ರಿ. ಮೊದ್ಲು ಇಬ್ಬಿಬ್ರು ಹಿಡ್ಕೊಂಡು ಹಾಲಿಗಿ ಕರ್ಕೊಂಡು ಬರ್ಬೇಕಾಗ್ತಿತ್ತು." ಎಷ್ಟು ಸರಿಯಾದ ಮಾತು! ಆ ಸೊಸೆ ಹೇಳಿದ್ದನ್ನು ನಾನು ಹೋದ ಹೋದ ಮನೆಯಲ್ಲಿ ಹೇಳುತ್ತೇನೆ.

ಸಮಯ ಸರಿಯುತ್ತಿದೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಗೋಡೆ. 9 ಇಂಚಿನ ಗೋಡೆ ಮುಟ್ಟಬೇಡಿ. 4.5 ಇಂಚಿನ ಗೋಡೆಯನ್ನೂ ಎಂಜಿನಿಯರನ್ನು ಕೇಳದೆ ಮುಟ್ಟಬೇಡಿ. ಹಳೆಯ ಕಲ್ಲಿನ ಮನೆಯೋ, ಬೀದರದ ಕಡೆಯ ಕೆಂಪು ಜಂಬಿಟ್ಟಿಗೆಯ ಮನೆಯೋ ಆದರೆ ಅಲ್ಲಿ ಬಹುತೇಕ ಎಲ್ಲ ಗೋಡೆಯೂ ಭಾರ ಹೊತ್ತದ್ದೇ. ಗೋಡೆ ಒಡೆಯುವ ಮಾತು ಕಡೆಗೆ, ಕೋಣೆಯ ಕೆಲಸ ಬದಲಿಸುವ ಮಾತು ಮೊದಲು.

ಬೆಳಕು. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿ ನೋಡಿದ್ದೀರಲ್ಲ, 1367ರದು. ನಡುವೆ ಬಯಲು ಅಂಗಳ ಬಿಡದೆ ಪೂರ್ತಿ ಛಾವಣಿ ಹೊದಿಸಿದ್ದಾರೆ. ಆದರೂ ಒಳಗೆ ಬೆಳಕಿದೆ, ಬದಿಯ ಅಗಲವಾದ ಕಮಾನುಗಳನ್ನು ತೆರೆದೇ ಇಟ್ಟಿದ್ದಾರೆ. ನಾವು ಇರುವ ಒಂದು ಕಿಟಕಿಗೂ ಅಲಮಾರಿ ಅಡ್ಡ ನಿಲ್ಲಿಸುತ್ತೇವೆ. ಇವತ್ತೇ ಸರಿಸಿ. ಕಿಟಕಿಯ ಮೇಲಂಚು 7 ಅಡಿ ಎತ್ತರದಲ್ಲಿದ್ದರೆ ಹೆಚ್ಚೆಂದರೆ 14 ಅಡಿ ಒಳಗಿನವರೆಗೆ ಕೆಲಸಕ್ಕೆ ಬರುವ ಬೆಳಕು ಸಿಗುತ್ತದೆ. ಕೂರುವವರು ಆ ಅಳತೆಯೊಳಗೆ, ಸಾಮಾನು ಅದರಾಚೆ.

ಪಶ್ಚಿಮದ ಗೋಡೆ ಮಧ್ಯಾಹ್ನ ಉಂಡ ಬಿಸಿಲನ್ನು ರಾತ್ರಿ ಒಳಗೆ ಕಕ್ಕುತ್ತದೆ. ಆ ಬದಿಯಲ್ಲಿ ಹಿರಿಯರನ್ನು, ಬಾಣಂತಿಯರನ್ನು ಮಲಗಿಸಬೇಡಿ. ಅಲಮಾರಿಗೆ ಅದು ಒಳ್ಳೆಯ ಜಾಗ. ಕೂಲರ್ ಇಟ್ಟ ಕೋಣೆಯಲ್ಲಿ ಎದುರಿನ ಕಿಟಕಿ ತೆರೆದಿರಲಿ. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಚ್ಚಿದರೆ ಬರುವುದು ಜಿಗುಟು, ತಂಪಲ್ಲ.

ಅಡುಗೆ ಮನೆ, ಬಚ್ಚಲು ಇದ್ದಲ್ಲೇ ಇರಲಿ. ನೀರಿನ ಕೊಳವೆಗೆ ಇಳಿಜಾರು ಬೇಕು, ಬಚ್ಚಲನ್ನು ದೂರ ಒಯ್ದಷ್ಟೂ ನೆಲ ಎತ್ತರಿಸಬೇಕಾಗುತ್ತದೆ. ಅಡುಗೆ ಮನೆ ಆಗ್ನೇಯದಲ್ಲಿ ಇರಬೇಕು ಅಂತ ವಾಸ್ತು ನೋಡಿ ಕಟ್ಟಿಸಿದವರಿಗೂ ಇದರಿಂದ ತಕರಾರು ಬರುವುದಿಲ್ಲ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಶಹಾಬಾದ್ ಫರಸಿಯ ಮೇಲೆ ಮಿಂಚುವ ಟೈಲ್ಸ್ ಹಾಕಿಸಬೇಡಿ. ನಮ್ಮ ಜಿಲ್ಲೆಯ ಕಲ್ಲು ಅದು, ಬೇಸಿಗೆಯಲ್ಲಿ ಬರಿಗಾಲಿಗೆ ಎಷ್ಟು ಹಿತ! ಹಳೆ ನೆಲದ ಮೇಲೆ ಟೈಲ್ಸ್ ಕೂರಿಸಿದರೆ ಒಂದು ಕೋಣೆ ಎತ್ತರ, ಪಕ್ಕದ್ದು ತಗ್ಗು ಆಗುತ್ತದೆ. ಆ ಸಣ್ಣ ಮೆಟ್ಟಿಲಿಗೇ ಹಿರಿಯರು ಎಡವುವುದು, ಒದ್ದೆಯಾದ ಟೈಲ್ಸ್ ಮೇಲೇ ಜಾರುವುದು.

ಶಿವರಾತ್ರಿ ಕಳೆಯುತ್ತಿದ್ದಂತೆ ಬಿಸಿಲು ಏರುತ್ತದೆ. ಅದಕ್ಕೆ ಮೊದಲೇ ಒಂದು ರವಿವಾರ, ಮನೆಮಂದಿಯೆಲ್ಲ ಇರುವಾಗ, ಹಾಲಿನ ಬಾಗಿಲು ತೆಗೆದು ಮಂಚ ಒಳಗೆ ತನ್ನಿ. ಒಂದು ವಾರ ಇದ್ದು ನೋಡಿ. ಸರಿ ಬರಲಿಲ್ಲ ಅಂದರೆ ಮಂಚವನ್ನು ಮತ್ತೆ ಹಳೆಯ ಜಾಗಕ್ಕೆ ಒಯ್ಯಬಹುದು. ಒಡೆದ ಗೋಡೆಯಾದರೆ ಹಾಗೆ ಮರಳಿ ಬರುವುದಿಲ್ಲ.

ನಮಸ್ಕಾರ.