ಮಿದುಳನ್ನು ಆಲಿಸುವುದು, ಮಿದುಳನ್ನು ತಟ್ಟಿ ನೋಡುವುದು

ಆತ್ಮೀಯ ಕೇಳುಗರೇ, ನಮಸ್ಕಾರ.

ಕಣ್ಣು ಮುಚ್ಚಿ ನಿರಾಳವಾಗಿ ಕುಳಿತವರ ಹಿಂದಲೆಗೆ ಲೋಹದ ಪುಟ್ಟ ಬಿಲ್ಲೆಗಳನ್ನು ಅಂಟಿಸಿ, ಅವುಗಳ ತಂತಿಗಳನ್ನು ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಯಂತ್ರಕ್ಕೆ ಜೋಡಿಸಿದರೆ, ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ಅಲೆಯೊಂದು ಪರದೆಯ ಮೇಲೆ ಮೂಡುತ್ತದೆ. ಅವರು ಕಣ್ಣು ತೆರೆದೊಡನೆ ಆ ಅಲೆ ಕುಗ್ಗಿಬಿಡುತ್ತದೆ. ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ಅದನ್ನು ಪ್ರಕಟಿಸಿದ್ದು 1929ರಲ್ಲಿ. ಈ ಅಲೆಗೆ ಆಲ್ಫಾ ಎಂಬ ಹೆಸರು ಕೊಟ್ಟವರೂ ಅವರೇ.

ಇಇಜಿ ಅಳೆಯುವ ವಿದ್ಯುತ್ತು ಕೆಲವೇ ಹತ್ತು ಮೈಕ್ರೋವೋಲ್ಟುಗಳಷ್ಟು. ಮಿಲಿಸೆಕೆಂಡುಗಳ ಲೆಕ್ಕದಲ್ಲಿ ನಡೆಯುವ ಬದಲಾವಣೆಯನ್ನೂ ಅದು ಹಿಡಿಯುತ್ತದೆ. ಆದರೆ ತಲೆಬುರುಡೆಯನ್ನು ದಾಟಿ ಬರುವಾಗ ಸಂಕೇತಗಳು ಒಂದರೊಳಗೊಂದು ಕಲಸಿಹೋಗುವುದರಿಂದ, ಅವು ಎಲ್ಲಿಂದ ಹೊರಟವೆಂದು ಹೇಳುವುದು ಕಷ್ಟ. 1990ರಲ್ಲಿ ವಿಜ್ಞಾನಿ ಸೇಜಿ ಒಗಾವಾ ಅವರು ತೋರಿಸಿಕೊಟ್ಟ ತತ್ವದ ಮೇಲೆ ನಿಂತಿರುವ ಎಫ್‌ಎಂಆರ್‌ಐ ಎಂಬ ಮಿದುಳಿನ ಸ್ಕ್ಯಾನ್, ರಕ್ತದಲ್ಲಿನ ಆಮ್ಲಜನಕದ ಏರುಪೇರನ್ನು ನೋಡಿ, ಯಾವ ಭಾಗ ಚುರುಕಾಗಿದೆ ಎಂಬುದನ್ನು ಮಿಲಿಮೀಟರುಗಳ ನಿಖರತೆಯಲ್ಲಿ ಸೂಚಿಸುತ್ತದೆ. ರಕ್ತದ ಹರಿವು ಮಾತ್ರ ನಿಧಾನ. ನರಕೋಶಗಳು ಕೆಲಸ ಮಾಡಿ ಐದಾರು ಸೆಕೆಂಡು ಕಳೆದ ಮೇಲೆ ಅದು ತುತ್ತತುದಿ ಮುಟ್ಟುತ್ತದೆ.

ಆದರೆ ನನ್ನ ದೃಷ್ಟಿಯಲ್ಲಿ ಇವೆರಡರ ದೊಡ್ಡ ಮಿತಿ ವೇಗವೂ ಅಲ್ಲ, ಸ್ಥಳವೂ ಅಲ್ಲ. ಒಂದು ಕೆಲಸ ನಡೆಯುವಾಗ ಮಿದುಳಿನ ಒಂದು ಭಾಗ ಚುರುಕಾಯಿತೆಂದರೆ, ಆ ಕೆಲಸಕ್ಕೆ ಆ ಭಾಗ ಬೇಕೇ ಬೇಕು ಎಂದಾಗುವುದಿಲ್ಲ. ಅದು ಬರಿಯ ಜೊತೆಗಾರನಾಗಿಯೂ ಇದ್ದಿರಬಹುದು.

ಇದಕ್ಕೆ ಬ್ರೈಲ್ ಓದಿನ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಎಳವೆಯಿಂದಲೇ ದೃಷ್ಟಿಯಿಲ್ಲದವರು ಬೆರಳ ತುದಿಯಿಂದ ಬ್ರೈಲ್ ಓದುವಾಗ, ನೋಟಕ್ಕೆ ಮೀಸಲೆಂದು ತಿಳಿದಿದ್ದ ಹಿಂದಲೆಯ ಭಾಗವೇ ಚುರುಕಾಗುವುದು 1996ರಲ್ಲಿ ಮಿದುಳಿನ ಚಿತ್ರಣದ ಮೂಲಕ ಕಂಡುಬಂತು. ಆ ಭಾಗ ನಿಜಕ್ಕೂ ಓದುತ್ತಿತ್ತೇ? ಮರುವರ್ಷ ಲಿಯೊನಾರ್ಡೊ ಕೊಹೆನ್ ಮತ್ತು ಸಂಗಡಿಗರು ಆ ಜಾಗಕ್ಕೆ ಕಾಂತೀಯ ಮಿಡಿತಗಳನ್ನು ಕೊಟ್ಟು ಪರೀಕ್ಷಿಸಿದರು. ಓದು ತಪ್ಪತೊಡಗಿತು, ಕೆಲವರು ಚುಕ್ಕಿಗಳೇ ಕಾಣೆಯಾದವೆಂದರು, ಇಲ್ಲದ ಚುಕ್ಕಿಗಳು ಬೆರಳಿಗೆ ತಾಗಿದ್ದೂ ಉಂಟು. ಕಣ್ಣಿರುವವರು ಉಬ್ಬಕ್ಷರಗಳನ್ನು ಮುಟ್ಟಿ ಗುರುತಿಸುವಾಗ ಅದೇ ಮಿಡಿತಗಳು ಅಂಥ ತೊಡಕು ಉಂಟುಮಾಡಲಿಲ್ಲ.

ಇಲ್ಲಿ ಬಳಸಿದ್ದು ಟಿಎಂಎಸ್ ಎಂಬ ವಿಧಾನ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ತಲೆಯ ಮೇಲೆ ಹಿಡಿದ ತಂತಿಸುರುಳಿಯಲ್ಲಿ ಕ್ಷಣಮಾತ್ರ ಪ್ರಬಲ ವಿದ್ಯುತ್ ಹರಿಸಿದಾಗ ಏಳುವ ಕಾಂತಕ್ಷೇತ್ರ, ಬುರುಡೆಯನ್ನು ಸಲೀಸಾಗಿ ದಾಟಿ, ಮಿದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ತನ್ನು ಪ್ರೇರಿಸುತ್ತದೆ; 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮವೇ ಇದರ ತಳಹದಿ. ಸುರುಳಿಯನ್ನು ಚಲನೆಯ ಭಾಗದ ಮೇಲಿಟ್ಟು ಗುಂಡಿ ಒತ್ತಿದರೆ, ಟಪ್ ಎಂಬ ಸದ್ದಿನೊಂದಿಗೆ, ಕುಳಿತವರ ಇಚ್ಛೆಯಿಲ್ಲದೆಯೇ ಎದುರು ಪಾರ್ಶ್ವದ ಹೆಬ್ಬೆರಳು ಸೆಟೆಯುತ್ತದೆ. ಆ ಸದ್ದು, ನೆತ್ತಿಯ ಮೇಲಿನ ಆ ತಟ್ಟುವಿಕೆಗಳೇ ಗಮನ ಕೆಡಿಸಬಲ್ಲವಾದ್ದರಿಂದ, ಹುಸಿ ಮಿಡಿತದೊಂದಿಗೆ ಅಥವಾ ಬೇರೊಂದು ಜಾಗದೊಂದಿಗೆ ಹೋಲಿಸದ ಪ್ರಯೋಗವನ್ನು ನಾನು ನಂಬುವುದಿಲ್ಲ. ಅಪಸ್ಮಾರದ ಹಿನ್ನೆಲೆಯಿರುವವರನ್ನು, ತಲೆಯೊಳಗೆ ಲೋಹವಿರುವವರನ್ನು ಮೊದಲೇ ವಿಚಾರಿಸಿ ಗುರುತಿಸುವುದೂ ಅಷ್ಟೇ ಮುಖ್ಯ. ಒಂದೆರಡು ಮಿಲಿಆಂಪಿಯರ್ ನೇರ ವಿದ್ಯುತ್ತನ್ನು ನೆತ್ತಿಯ ಮೂಲಕ ಹರಿಸುವ ಟಿಡಿಸಿಎಸ್ ವಿಧಾನ ಇನ್ನೂ ಸರಳ. ಆದರೆ ಅದರ ಫಲಿತಾಂಶಗಳು ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಸ್ಥಿರವಾಗಿ ನಿಂತಿಲ್ಲ.

ತಟ್ಟುವುದನ್ನೂ ಆಲಿಸುವುದನ್ನೂ ಒಟ್ಟಿಗೆ ಮಾಡಿದರೆ? 2005ರಲ್ಲಿ ಮಾರ್ಚೆಲ್ಲೊ ಮಸ್ಸಿಮಿನಿ, ಜೂಲಿಯೊ ತೊನೊನಿ ಮತ್ತು ಸಂಗಡಿಗರು ಎಚ್ಚರವಿದ್ದವರಿಗೆ ಒಂದು ಮಿಡಿತ ಕೊಟ್ಟು ಇಇಜಿ ನೋಡಿದಾಗ, ಅದರ ಮಾರ್ದನಿ ದೂರದ ಭಾಗಗಳಿಗೂ ಹಬ್ಬಿತು. ಅದೇ ಜನ ಕನಸಿಲ್ಲದ ನಿದ್ರೆಗೆ ಜಾರಿದಾಗ, ಮಿಡಿತಕ್ಕೆ ಮಿದುಳು ಓಗೊಟ್ಟಿತಾದರೂ ಆ ದನಿ ಎದ್ದ ಜಾಗದಲ್ಲೇ ನಂದಿಹೋಯಿತು. ಕರೆದರೆ ಕಣ್ಣೂ ಮಿಟುಕಿಸಲಾರದ ರೋಗಿಯೊಳಗೆ ಅರಿವು ಉಳಿದಿದೆಯೇ ಎಂದು, ಅವರಿಂದ ಒಂದು ಸನ್ನೆಯನ್ನೂ ಬೇಡದೆ, ಸಂಶೋಧಕರು ಈಗ ಹುಡುಕುತ್ತಿರುವುದು ಈ ಮಾರ್ದನಿಯ ಹರಹನ್ನೇ ಅಳೆದು.