ಎಂಟನೆಯ ಸರ್ವರ್

ಕೇಳುಗರಿಗೆ ನಮಸ್ಕಾರ.

ಪ್ರೋಗ್ರಾಂ ಬರೆಯುವವರ ಬುದ್ಧಿವಂತಿಕೆಯನ್ನು ಎಲ್ಲರೂ ಹೊಗಳುತ್ತಾರೆ. ಅವರ ಶಿಸ್ತಿನ ಸುದ್ದಿ ಬರುವುದು ಅದು ತಪ್ಪಿದಾಗ ಮಾತ್ರ.

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಗೆ ಆದದ್ದು ಅದೇ. ನ್ಯೂಯಾರ್ಕ್ ಷೇರುಪೇಟೆ ಅಂದು ಹೊಸ ಯೋಜನೆಯೊಂದನ್ನು ಆರಂಭಿಸುವುದಿತ್ತು. ಅದಕ್ಕೆಂದು ಬರೆದ ಕೋಡ್ ಅನ್ನು ಎಂಟು ಸರ್ವರ್‌ಗಳಿಗೆ, ಅಂದರೆ ವಹಿವಾಟು ನಡೆಸುವ ಕಂಪ್ಯೂಟರ್‌ಗಳಿಗೆ, ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಉಳಿದುಹೋಯಿತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲ.

ಆದರೆ ಎಡವಟ್ಟಿನ ಬೇರು ಇನ್ನೂ ಹಳೆಯದು. ಆ ಸರ್ವರ್‌ಗಳಲ್ಲಿ ಗ್ರಾಹಕರ ಷೇರು ಆದೇಶಗಳನ್ನು ಪೇಟೆಗೆ ಕಳುಹಿಸುತ್ತಿದ್ದ ಪವರ್ ಪೆಗ್ ಎಂಬ ಹಳೆಯ ಕೋಡ್ ಇತ್ತು. 2003ರಲ್ಲೇ ಅದರ ಬಳಕೆ ನಿಂತಿತ್ತು. ಅಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಗ್ರಾಹಕ ಕೇಳಿದಷ್ಟು ಷೇರು ಆದೊಡನೆ ‘ಸಾಕು’ ಎನ್ನುವ ಎಣಿಕೆಯ ಭಾಗವನ್ನು 2005ರಲ್ಲಿ ಬೇರೆಡೆಗೆ ಸರಿಸಿದರು. ಆಮೇಲೆ ಪವರ್ ಪೆಗ್ ಅನ್ನು ಮತ್ತೆ ಪರೀಕ್ಷಿಸಲಿಲ್ಲ. ಯಾರೂ ಬಳಸದ ಕೋಡಿಗೆ ಪರೀಕ್ಷೆ ಏಕೆ, ಅಲ್ಲವೇ? ಸಾಲದ್ದಕ್ಕೆ, ಪವರ್ ಪೆಗ್ ಅನ್ನು ಚಾಲೂ ಮಾಡುತ್ತಿದ್ದ ಗುರುತನ್ನೇ ಹೊಸ ಕೋಡಿಗೂ ಇಟ್ಟರು. ಏಳು ಸರ್ವರ್‌ಗಳು ಆ ಗುರುತನ್ನು ಹೊಸ ಅರ್ಥದಲ್ಲಿ ಓದಿದವು, ಎಂಟನೆಯದು ಹಳೆಯ ಅರ್ಥದಲ್ಲೇ ಓದಿತು.

ಪೇಟೆ ತೆರೆಯಿತು. ಎಂಟನೆಯ ಸರ್ವರ್‌ಗೆ ‘ಸಾಕು’ ಎನ್ನುವವರಿಲ್ಲ. ಗ್ರಾಹಕರ 212 ಆದೇಶಗಳನ್ನು ಪೂರೈಸಲು ಹೊರಟದ್ದು, ಸುಮಾರು 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರ ಕುದುರಿಸಿತು. ನಷ್ಟ 46 ಕೋಟಿ ಡಾಲರ್ ಮೀರಿತು.

ಕಂಪ್ಯೂಟರ್ ಹೇಳದೇ ಇರಲಿಲ್ಲ. ಪೇಟೆ ತೆರೆಯುವ ಮೊದಲೇ ಪವರ್ ಪೆಗ್‌ನ ಹೆಸರು ಹಿಡಿದು 97 ಇಮೇಲ್ ಕಳುಹಿಸಿತ್ತು. ಅಂಥ ಇಮೇಲ್‌ಗಳನ್ನು ತೆರೆದು ನೋಡುವ ರೂಢಿ ಇರಲಿಲ್ಲ, ಅಷ್ಟೇ.

ನನಗೆ ಅತ್ಯಂತ ಸಂಕಟ ತರುವುದು ಮುಂದಿನ ಹೆಜ್ಜೆ. ಗಾಬರಿಯಲ್ಲಿ, ಹೊಸ ಕೋಡಿನದೇ ತಪ್ಪಿರಬೇಕೆಂದು, ನೆಟ್ಟಗಿದ್ದ ಏಳೂ ಸರ್ವರ್‌ಗಳಿಂದ ಅದನ್ನು ಕಿತ್ತುಹಾಕಿದರು. ಆಗ ಆ ಏಳೂ ಎಂಟನೆಯದರ ಹಾದಿ ಹಿಡಿದವು. ಅವಸರದ ಹೊತ್ತಿನಲ್ಲಿ ಏನು ಮಾಡಬೇಕೆಂದು ಬಿಡುವಿನ ಹೊತ್ತಿನಲ್ಲಿ ಬರೆದಿಟ್ಟಿರಲಿಲ್ಲವಲ್ಲ!

ಮರುವರ್ಷ ನೈಟ್ ಕ್ಯಾಪಿಟಲ್ ಇನ್ನೊಂದು ಸಂಸ್ಥೆಯೊಡನೆ ವಿಲೀನವಾಯಿತು. ಅಮೆರಿಕದ ಷೇರುಪೇಟೆ ನಿಯಂತ್ರಕರು 1.2 ಕೋಟಿ ಡಾಲರ್ ದಂಡ ಹಾಕಿದರು. ನಾನು ಹೇಳಿದ ವಿವರಗಳೆಲ್ಲ ಅವರ ಆದೇಶದಲ್ಲಿವೆ; ಯಾರು ಬೇಕಾದರೂ ಓದಬಹುದು. ಕೆಲಸಕ್ಕೆ ಸೇರುವ ಹೊಸಬರ ಕೈಗೆ ಮೊದಲ ವಾರವೇ ಅದನ್ನು ಕೊಡಬೇಕೆಂಬುದು ನನ್ನ ಆಸೆ. ಹಳಬರೂ ಓದಿದರೆ ನಷ್ಟವೇನಿಲ್ಲ.

ನಮಸ್ಕಾರ.